ಮ್ಯಾಪ್‌ನಿಂದ ನಮ್ಮ ಮನೆ ವಿಳಾಸ ತೆಗೆದದ್ದು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಫ್ಲಾಟ್‌ನಲ್ಲೇ ನಾನು ಸಾರಿನ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. ಗಿರಾಕಿ ಸಿಗಲಿ ಅಂತ ಗೂಗಲ್ ಮ್ಯಾಪ್‌ನಲ್ಲಿ ಹೆಸರು ಹಾಕಿದ್ದೆ. ಫ್ಲಾಟ್ ನಂಬರ್, ಮಹಡಿ, ಫೋನ್ ಎಲ್ಲವನ್ನೂ ತುಂಬಿದ್ದೆ. ಸಮಯ ಕೇಳಿದಲ್ಲಿ 24 ಗಂಟೆ ಅಂತ ಒತ್ತಿಬಿಟ್ಟಿದ್ದೆ.

ಒಂದು ರಾತ್ರಿ ಹತ್ತೂವರೆಗೆ ಬೆಲ್ ಆಯಿತು. ಯಜಮಾನರಿಗೆ ನೈಟ್ ಶಿಫ್ಟ್. ಮಗಳು ಮಲಗಿದ್ದಳು. ಬಾಗಿಲ ಕಣ್ಣಿನಲ್ಲಿ ನೋಡಿದರೆ ಗುರುತಿಲ್ಲದ ಇಬ್ಬರು ಗಂಡಸರು. ‘ಮ್ಯಾಪ್‌ನಲ್ಲಿ ಓಪನ್ ಅಂತಿದೆ, ಚಟ್ನಿಪುಡಿ ಬೇಕಿತ್ತು’ ಅಂದರು. ಪಾಪ, ಅವರದ್ದೇನೂ ತಪ್ಪಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಎದ್ದು ಮೊದಲು ವಿಳಾಸ ತೆಗೆದೆ. ಅಂಗಡಿಯೇ ಮುಚ್ಚಬೇಕಾಗಿಲ್ಲ. ಮನೆಯಿಂದ ವ್ಯಾಪಾರ ಮಾಡುವವರು ವಿಳಾಸ ಮರೆಮಾಡಿ, ಯಾವ ಊರುಗಳಿಗೆ ತಲುಪಿಸುತ್ತೇವೆ ಅನ್ನುವುದನ್ನಷ್ಟೇ ತೋರಿಸಬಹುದು. 20 ಜಾಗಗಳವರೆಗೆ ಹಾಕಬಹುದು. ನಾನು ಡೊಂಬಿವಲಿ, ಠಾಣೆ, ಮುಲುಂಡ್, ಮಾಟುಂಗಾ ಹಾಕಿದೆ. ಬಾಲ್ಕನಿಯಲ್ಲಿ ಮೆಣಸಿನಕಾಯಿ ಒಣಗಿಸಿದ್ದ ಫೋಟೋ ಒಂದಿತ್ತು. ಹಿಂದೆ ಎದುರು ಬಿಲ್ಡಿಂಗಿನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು! ಅದನ್ನೂ ಅಳಿಸಿದೆ.

ನನ್ನನ್ನು ಜಾಸ್ತಿ ಬೆಚ್ಚಿಬೀಳಿಸಿದ್ದು ನಾನೇ ಬರೆದ ರಿವ್ಯೂಗಳು. ನನ್ನ ಹೆಸರು ಒತ್ತಿದರೆ ಎಲ್ಲವೂ ಸಾಲಾಗಿ ಬರುತ್ತವೆ. ಮಗಳ ಟ್ಯೂಷನ್ ಕ್ಲಾಸಿಗೆ ಐದು ಸ್ಟಾರ್, ‘ಸಂಜೆ ಬ್ಯಾಚ್ ತುಂಬಾ ಚೆನ್ನಾಗಿದೆ’ ಅಂತ. ಡಾಕ್ಟರ ಕ್ಲಿನಿಕ್, ಶನಿವಾರ ಹೋಗುವ ದೇವಸ್ಥಾನ. ಬಿಡಿಬಿಡಿಯಾಗಿ ಏನೂ ಇಲ್ಲ. ಒಟ್ಟಿಗೆ ಓದಿದವರಿಗೆ ನಾವು ಯಾವಾಗ ಎಲ್ಲಿರುತ್ತೇವೆ ಅಂತ ಗೊತ್ತಾಗುತ್ತದೆ, ಅಲ್ವಾ? ಹೋಟೆಲುಗಳದ್ದನ್ನು ಬಿಟ್ಟು ಉಳಿದವನ್ನೆಲ್ಲ ಅಳಿಸಿದೆ.

ಆಮೇಲೆ ಫೋನಿನ ಸೆಟ್ಟಿಂಗ್. ನಾವು ಎಲ್ಲೆಲ್ಲಿ ಹೋಗಿದ್ದೆವು ಅಂತ ಗೂಗಲ್ ಮ್ಯಾಪ್ ಇಡುವ ದಾಖಲೆ, ಅಂದರೆ ಟೈಮ್‌ಲೈನ್, ಮೂರು ತಿಂಗಳಿಗಿಂತ ಹಳೆಯದಾದರೆ ತಾನೇ ಅಳಿಯುವಂತೆ ಇಟ್ಟೆ. ಅದೊಂದೇ ಸಾಲದು. ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಅನ್ನುವುದು ಬೇರೆಯೇ ಇದೆ. ನಾವು ಏನು ಹುಡುಕಿದೆವು, ಎಲ್ಲಿಂದ ಹುಡುಕಿದೆವು ಅನ್ನುವುದು ಅಲ್ಲಿ ಉಳಿಯುತ್ತದೆ. ಅದನ್ನೂ ಆಫ್ ಮಾಡಿದೆ. ಹವಾಮಾನದ ಆ್ಯಪ್‌ಗೆ ಅಂದಾಜು ಜಾಗ ಸಾಕು, ಆಂಡ್ರಾಯ್ಡ್ 12ರಿಂದ ಹಾಗೆ ಕೊಡಬಹುದು. ಕಾಯಿಲೆ ಕಸಾಲೆ ಬಗ್ಗೆ ಹುಡುಕುವುದಿದ್ದರೆ ಗೂಗಲ್ ಬದಲು ಡಕ್‌ಡಕ್‌ಗೋ, ನಾವು ಹುಡುಕಿದ್ದನ್ನು ನಮ್ಮ ಹೆಸರಿಗೆ ಕೂಡಿಸಿಡದ ಸರ್ಚ್ ಎಂಜಿನ್. ಬ್ರೌಸರಿನಲ್ಲಿರುವ ಇನ್‌ಕಾಗ್ನಿಟೋ ಅಂದರೆ ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ. ಅದು ನಮ್ಮ ಫೋನಿನಲ್ಲಿ ಗುರುತು ಉಳಿಯದಂತೆ ಮಾಡುತ್ತದೆ, ಅಷ್ಟೇ. ನಾವು ತೆರೆದ ಸೈಟಿಗೆ ನಾವು ಬಂದದ್ದು ಗೊತ್ತಾಗಿಯೇ ಆಗುತ್ತದೆ.

‘ನಮ್ಮಂಥವರ ಹತ್ತಿರ ಮುಚ್ಚಿಡೋಕೆ ಏನಿದೆ ಅಕ್ಕಾ?’ ಅಂತ ಪಕ್ಕದ ಮನೆಯವಳು ಕೇಳಿದಳು. ಮುಚ್ಚಿಡುವ ಮಾತಲ್ಲ ಇದು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವಳದ್ದೂ ಮನೆಯಲ್ಲೇ ಬ್ಲೌಸ್ ಹೊಲಿಯುವ ಕೆಲಸ. ಅವಳ ಫೋನನ್ನೂ ತೆಗೆದುಕೊಂಡು, ಅವಳ ಎದುರಿಗೇ ವಿಳಾಸ ತೆಗೆದುಕೊಟ್ಟೆ.

ಗಿರಾಕಿಗಳು ಕಡಿಮೆಯಾಗಲಿಲ್ಲ. ಫೋನ್ ಮಾಡುತ್ತಾರೆ, ಸಂಜೆ ಆರಕ್ಕೆ ಸ್ಟೇಷನ್ನಿನ ಟಿಕೆಟ್ ಕೌಂಟರ್ ಹತ್ತಿರ ಪುಡಿ ಕೊಟ್ಟು ಬರುತ್ತೇನೆ.