ಮಗುವಿಗೆ ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಕಾಟ: ದೊಡ್ಡವರು ಏನು ಮಾಡಬೇಕು

ಸಮಬಲದ ಇಬ್ಬರು ಕಿತ್ತಾಡಿ ಮರುದಿನ ಒಟ್ಟಿಗೆ ಆಡಿದರೆ ಅದು ಜಗಳ. ಒಂದೇ ಮಗುವನ್ನು ಮತ್ತೆ ಮತ್ತೆ ಗುರಿ ಮಾಡಿದರೆ, ಅದಕ್ಕೆ ಎದುರು ನಿಲ್ಲಲು ಆಗದಿದ್ದರೆ ಅದು ಕಾಟ. ಬಲ ಎಂದರೆ ಮೈಕಟ್ಟಷ್ಟೇ ಅಲ್ಲ. ಗುಂಪು, ಜಾತಿ, ಅಪ್ಪನ ತೋಟ ಎಷ್ಟು ಎಕರೆ ಎಂಬುದೂ ಬಲವೇ.

ತೀರ್ಥಹಳ್ಳಿ, ಹೊಸನಗರದ ಕಡೆ ದೊಡ್ಡವರ ಕಣ್ಣು ತಲುಪದ ಜಾಗ ಬೇಕಾದಷ್ಟಿದೆ: ಬಸ್ಸಿನ ಹಿಂದಿನ ಸೀಟು, ಬಸ್ಸಿಳಿದ ಮೇಲಿನ ಕಾಡುದಾರಿ, ಹಾಸ್ಟೆಲಿನ ಬಚ್ಚಲು. ಮಳೆಗಾಲದಲ್ಲಿ ಕೊಡೆ ಪದೇಪದೇ "ಕಳೆದುಹೋದರೆ", ಸೋಮವಾರ ಬೆಳಿಗ್ಗೆ ಬರುವ ಹೊಟ್ಟೆನೋವು ರಜೆಯಲ್ಲಿ ಮಾಯವಾದರೆ, ಇದ್ದ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಕಾದರೆ ವಿಚಾರಿಸಿ.

ಎದುರು ಕೂರಿಸಿಕೊಂಡು ಕೇಳಿದರೆ ಮಗು ಬಾಯಿ ಬಿಡುವುದಿಲ್ಲ. ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತು, "ಬಸ್ಸಲ್ಲಿ ನಿನ್ನ ಜೊತೆ ಯಾರು ಕೂರ್ತಾರೆ?" ಎಂದು ಶುರು ಮಾಡಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. "ನೀನೂ ಎರಡು ಬಾರಿಸು" ಎನ್ನಲೂ ಬೇಡಿ. ಗುಂಪಿನೆದುರು ಅದು ಇನ್ನಷ್ಟು ಪೆಟ್ಟು ತರುತ್ತದೆ, ಮೇಷ್ಟ್ರ ಲೆಕ್ಕದಲ್ಲಿ ಇಬ್ಬರೂ ತಪ್ಪಿತಸ್ಥರಾಗುತ್ತಾರೆ.

ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಜಾಗ, ಆಡಿದ ಮಾತು ಇದ್ದಂತೆಯೇ, ನೋಡುತ್ತಿದ್ದವರು ಯಾರು ಎಂದು ಬರೆದಿಡಿ. ವಾಟ್ಸಾಪ್ ಬೈಗುಳವಾದರೆ ಬ್ಲಾಕ್ ಮಾಡುವ ಮೊದಲು ನಂಬರು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮಗುವಿನ ಅಶ್ಲೀಲ ಚಿತ್ರವಿದ್ದರೆ ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡಿ; ಪೊಲೀಸರಿಗೆ ಅಥವಾ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.

ಮುಖ್ಯೋಪಾಧ್ಯಾಯರಿಗೆ ದೂರು ಬರವಣಿಗೆಯಲ್ಲೇ ಇರಲಿ, ಒಂದು ಪ್ರತಿಗೆ ತಾರೀಖು ಸಮೇತ ಸಹಿ ಹಾಕಿಸಿಕೊಳ್ಳಿ. ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ನಿಗಾ ಇಡುತ್ತಾರೆ, ಮತ್ತೆ ಯಾವತ್ತು ಭೇಟಿ ಎಂಬುದು ಅಲ್ಲೇ ಗೊತ್ತಾಗಲಿ. ಶಾಲೆಗಳು ಎಡವುವುದು ರಾಜಿಯಲ್ಲಿ. ಇಬ್ಬರನ್ನೂ ನಿಲ್ಲಿಸಿ ಕೈ ಕುಲುಕಿಸಿದರೆ ಹೆದರಿದ ಮಗು "ಏನೂ ಇಲ್ಲ ಸಾರ್" ಎನ್ನುತ್ತದೆ, ಕಾಟ ಗೇಟಿನಾಚೆ ಮುಂದುವರಿಯುತ್ತದೆ. ಕಾಟ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಬೇಕು. ನೋಡುತ್ತಾ ನಿಂತ ಮಕ್ಕಳು ಎದುರು ಬೀಳಬೇಕಿಲ್ಲ. "ಇಲ್ಲಿ ಬಾರೋ, ಜಾಗ ಇದೆ" ಎಂದು ಕರೆದರೂ ಆ ಮಗು ಒಂಟಿಯಾಗುವುದಿಲ್ಲ.

ಶಾಲೆ ಕಿವಿಗೆ ಹಾಕಿಕೊಳ್ಳದಿದ್ದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬರೆಯಿರಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಉಚಿತ. ಲೈಂಗಿಕ ಕಿರುಕುಳವಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯೊಳಗೇ ಮುಗಿಸುವಂತಿಲ್ಲ.

"ಇರೋದೇ ಬೇಡ" ಎಂಬ ಮಾತು ಬಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಕಳೆನಾಶಕ, ಮೈಲುತುತ್ತ ಕೊಟ್ಟಿಗೆಯ ಅಟ್ಟದಲ್ಲಿ ಕೈಗೆ ಸಿಗುವಂತಿದ್ದರೆ ಅವತ್ತೇ ಬೀಗ ಹಾಕಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಿರಿ.

ದೂರು ಕೊಟ್ಟ ಎರಡು ವಾರಕ್ಕೆ ಮತ್ತೆ ಕೇಳಿ. ಹೊಡೆತ ನಿಂತು, ಯಾರೂ ಮಾತಾಡಿಸದ ಬಹಿಷ್ಕಾರ ಶುರುವಾಗಿರಬಹುದು. ಅದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ.