ಅಳಿವೆಯ ಚಿತ್ರ ಅರ್ಧಕ್ಕೆ ನಿಂತರೆ ತಿಥಿ ನೋಡಿ ಮುಂದುವರಿಸಿ

ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲೋ ಹಳೆ ಬಂದರಿನ ದಕ್ಕೆಯಲ್ಲೋ ಕುಳಿತು ಬರೆಯುತ್ತಿರುವ ನದಿಯ ಚಿತ್ರವು ಒಂದೇ ಸಂಜೆಗೆ ಮುಗಿಯದಿದ್ದರೆ, ಅದನ್ನು ಮುಂದಿನ ಪಕ್ಷದ ಅದೇ ತಿಥಿಯಂದು, ಅದೇ ಹೊತ್ತಿಗೆ ಹೋಗಿ ಮುಂದುವರಿಸಿರಿ. ಶುಕ್ಲ ಪಂಚಮಿಯಂದು ಆರಂಭಿಸಿದ್ದಕ್ಕೆ ಕೃಷ್ಣ ಪಂಚಮಿ ಸರಿಯಾದ ದಿನ. ಬೆಳಕು ಸೂರ್ಯನನ್ನು ಅನುಸರಿಸಿದರೆ ಅಳಿವೆಯ ನೀರಿನ ಮಟ್ಟವು ಹೆಚ್ಚಾಗಿ ಚಂದ್ರನನ್ನು ಅನುಸರಿಸುತ್ತದೆ: ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ, ನಾಲ್ಕೈದು ದಿನ ಬಿಟ್ಟು ಹೋದವರಿಗೆ ಅದೇ ಬಿಸಿಲಿನಲ್ಲಿ ಬೇರೆಯದೇ ದಡ ಎದುರಾಗುತ್ತದೆ, ಕೆಸರಿನ ಅಂಚು ಮುಳುಗಿ, ದೋಣಿಗಳು ಮೇಲೇರಿ, ಮೊದಲು ಬರೆದ ಪ್ರತಿಬಿಂಬಗಳೆಲ್ಲ ಸುಳ್ಳಾಗಿರುತ್ತವೆ. ಸುಮಾರು 15 ದಿನಗಳಲ್ಲಿ ಈ ತಡವು ಹೆಚ್ಚುಕಡಿಮೆ 12 ಗಂಟೆಗಳಷ್ಟಾಗುತ್ತದೆ, ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರಗಳಿರುವುದರಿಂದ ಆಗ ಅದೇ ಬೆಳಕಿಗೆ ಬಹುತೇಕ ಅದೇ ನೀರು ಮರಳಿ ಬರುತ್ತದೆ. ಬಹುತೇಕ ಎನ್ನಲು ಕಾರಣ, ಇಲ್ಲಿನ ಎರಡು ಉಬ್ಬರಗಳು ಸಮಾನ ಎತ್ತರದವಲ್ಲ. ದಕ್ಕೆಯ ಕಂಬಗಳ ಮೇಲಿನ ಒದ್ದೆ ಗೆರೆಯೂ ಕರಾರುವಾಕ್ಕಾಗಿ ಬೇಕೆನ್ನುವವರು (ಅಷ್ಟು ಹಟ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ) ಪೂರ್ತಿ ಒಂದು ಚಾಂದ್ರಮಾಸ ಕಾಯುವುದು ಮೇಲು. ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ನೇತ್ರಾವತಿ ಮತ್ತು ಗುರುಪುರ ನದಿಗಳ ನೆರೆಯು ನೀರಿನ ಮಟ್ಟವನ್ನೂ ಬಣ್ಣವನ್ನೂ ತಾನೇ ನಿರ್ಧರಿಸುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಸೂರ್ಯ ಮುಳುಗುವ ಜಾಗವೇ ಹದಿನೈದು ದಿನಗಳಲ್ಲಿ ಎದ್ದು ಕಾಣುವಷ್ಟು ಸರಿಯುವುದರಿಂದ, ಅದು ಅಷ್ಟಾಗಿ ಸರಿಯದ ಡಿಸೆಂಬರ್ ಈ ಕ್ರಮಕ್ಕೆ ಹೆಚ್ಚು ಒಗ್ಗುತ್ತದೆ. ಕಟ್ಟಿ ನಿಲ್ಲಿಸಿದ ದೋಣಿಗಳನ್ನು ಮಾತ್ರ ಮೊದಲ ದಿನವೇ ಬರೆದು ಮುಗಿಸಿರಿ. ಅವು ಯಾವ ತಿಥಿಗೂ ಕಾಯುವುದಿಲ್ಲ.