ಪ್ಲಾಟ್‌ಡೀಚ್ ಟೇಪು, ಕನ್ನಡ ಅಕ್ಷರ: ನನ್ನ ಅನುಭವ

ಮೆನ್ನೊನೈಟರು ಅನ್ನುವ ಕ್ರೈಸ್ತ ಪಂಗಡದವರ ಪ್ಲಾಟ್‌ಡೀಚ್ ಮಾತನ್ನು ಟೇಪಿನಿಂದ ಕೇಳಿ ಕನ್ನಡ ಅಕ್ಷರದಲ್ಲಿ ಬರೆದಿಳಿಸುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ‘ಯಾವ ಭಾಷೆಯ ಸದ್ದನ್ನಾದರೂ ಬರೆಯುವ ಐಪಿಎ ಲಿಪಿ ಇದೆ ಅಲ್ವಾ, ಇದ್ಯಾಕೆ?’ ಅಂದರು. ಈಗ ಹೆಚ್ಚುಕಡಿಮೆ 40 ಗಂಟೆಯ ಟೇಪು ಮುಗಿಸಿದ್ದೇನೆ. ಮೊದಲು ಒಂದು ನಿಮಿಷದ ಮಾತಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಈಗ ಕಾಲು ಗಂಟೆ ಸಾಕು. ನಮ್ಮ ಗುಂಪಿನಲ್ಲಿ ಇಷ್ಟು ಬೇಗ ಬೇರೆ ಯಾರೂ ಮಾಡುತ್ತಿಲ್ಲ.

ನನ್ನ ತೊಂದರೆ ಇದು. ನಾನು ಮೊದಲೇ ಜರ್ಮನ್ ಕಲಿತಿದ್ದೆ. ರೋಮನ್ ಅಕ್ಷರಕ್ಕೆ ಕೂತರೆ ಕೈ ತಾನಾಗಿ ಜರ್ಮನ್ ಕಾಗುಣಿತ ಬರೆಯುತ್ತಿತ್ತು. ಟೇಪಿನ ಅಜ್ಜಿ ಸಮಯಕ್ಕೆ ‘ಟೀಟ್’ ಅಂದರೆ ನಾನು ಜರ್ಮನ್ನಿನ ‘ತ್ಸೈಟ್’ ಬರೆದಿರುತ್ತಿದ್ದೆ! ಪ್ಲಾಟ್‌ಡೀಚ್ ಈಗಿನ ಪೋಲೆಂಡಿನ ವಿಸ್ಟುಲಾ ನದಿ ಬಯಲಿನ ಕೆಳ ಜರ್ಮನ್, ಅಂದರೆ ಉತ್ತರದ ತಗ್ಗು ನಾಡಿನ ಜರ್ಮನ್. 1789ರಲ್ಲಿ ಉಕ್ರೇನಿನ ಖೋರ್ಟಿಟ್ಸಾಕ್ಕೆ, 1874ರಿಂದ ಕೆನಡಾದ ಮ್ಯಾನಿಟೋಬಾಕ್ಕೆ, 1922ರಲ್ಲಿ ಮೆಕ್ಸಿಕೋಗೆ ಹೋದ ಮಾತು. ಅದಕ್ಕೆ ಶಾಲೆಯ ಜರ್ಮನ್ ಅಂಗಿ ತೊಡಿಸಿದರೆ ಏನು ಉಳಿಯುತ್ತದೆ? ಜರ್ಮನ್ ಕೇಳಿ ಬರೆಯುವ ತಂತ್ರಾಂಶವೂ ಅದನ್ನೇ ಮಾಡಿತು. ದುಡ್ಡು ಕೊಟ್ಟು ಬರೆಸಿದಾಗಲೂ ಅದೇ. 600 ಡಾಲರ್ ನೀರಿಗೆ ಹೋಯಿತು. ರೆಕಾರ್ಡರ್, ವಿನ್ನಿಪೆಗ್‌ನಿಂದ ಮೆನ್ನೊನೈಟರ ಊರು ವಿಂಕ್ಲರ್‌ಗೆ ಓಡಾಡಿದ ಪೆಟ್ರೋಲ್ ಸೇರಿ ಮೊದಲ ವರ್ಷ ಕೈಯಿಂದ 2,000 ಡಾಲರ್ ಮೇಲೆ ಹೋಗಿರಬೇಕು.

ಕನ್ನಡದಲ್ಲಿ ಬರೆದರೆ ಜರ್ಮನ್ ನೆನಪು ಅಡ್ಡ ಬರುವುದಿಲ್ಲ. ಕೇಳಿದ್ದನ್ನೇ ಬರೆಯಬೇಕು. ತುಳುವಿನವರು, ಕೊಡವರು ಇದೇ ಅಕ್ಷರದಲ್ಲಿ ತಮ್ಮ ಮಾತು ಹೊಂದಿಸಿಕೊಂಡಿಲ್ವಾ? ನನಗೆ ಧೈರ್ಯ ಕೊಟ್ಟದ್ದು ಅದೇ.

ಹಾಗಂತ ಸಲೀಸಾಗಿ ಆಗಲಿಲ್ಲ. ಚರ್ಚಿಗೆ ಮೆನ್ನೊನೈಟರು ‘ಕ್ಯೊಆಕ್ಯ್’ ಅನ್ನುತ್ತಾರೆ. ಆ ಕ್ಯ ನಾಲಿಗೆಯ ನಡು ಅಂಗುಳಿಗೆ ಒತ್ತಿ ಬರುವ ಸದ್ದು. ನಾನು ಅದನ್ನು ಚ ಅಂತ ಬರೆದೆ. ಆದರೆ ಅವರಲ್ಲಿ ಚ ಬೇರೆಯೇ ಇದೆ, ‘ಡೀಚ್’ ಅನ್ನುವುದರಲ್ಲೇ ಇದೆ! ಆರು ಗಂಟೆಯ ಟೇಪನ್ನು ಮತ್ತೆ ಮೊದಲಿಂದ ಕೇಳಬೇಕಾಯಿತು. ಇನ್ನೊಂದು, ಮನೆ ಅನ್ನುವ ಪದ. ಉಕ್ರೇನಿನ ಇನ್ನೊಂದು ಕಾಲೊನಿ ಮೊಲೊಚ್ನಾ ಕಡೆಯವರು ‘ಹೂಸ್’ ಅಂದರೆ ಹಳೆ ಕಾಲೊನಿಯವರು, ಅಂದರೆ ಖೋರ್ಟಿಟ್ಸಾ ಕಡೆಯವರು, ತುಟಿ ದುಂಡು ಮಾಡಿ ‘ಈ’ ಎಳೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲ. ಒಂದು ಗುರುತು ಮಾಡಿಕೊಂಡೆ. ಅದು ಯಾವುದು, ಆಮೇಲೆ ಎಲ್ಲವನ್ನೂ ರೋಮನ್‌ಗೆ ತಿರುಗಿಸುವ ಪ್ರೋಗ್ರಾಂ ಹೇಗಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮಧ್ಯೆ ಹಟರೈಟರ ಮಾತಿಗೂ ಕೈ ಹಾಕಿದೆ. ಅವರೂ ಮ್ಯಾನಿಟೋಬಾದವರೇ, ಮೆನ್ನೊನೈಟರ ಹಾಗೆ ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆಯುವ ಅನಾಬ್ಯಾಪ್ಟಿಸ್ಟ್ ಕ್ರೈಸ್ತರೇ. ಆದರೆ ಮಾತು ಆಸ್ಟ್ರಿಯಾದ ಕಾರಿಂಥಿಯಾ ಕಡೆಯದು. 1750ರ ದಶಕದಲ್ಲಿ ಕಾರಿಂಥಿಯಾದಿಂದ ಗಡೀಪಾರಾದವರು ಟ್ರಾನ್ಸಿಲ್ವೇನಿಯಾದಲ್ಲಿ (ಈಗಿನ ರೊಮೇನಿಯಾ) ಇವರನ್ನು ಸೇರಿಕೊಂಡಾಗ ಬಂದದ್ದು. ಅಜ್ಜಿಗೆ ‘ಆಂಕೆಲಾ’ ಅನ್ನುತ್ತಾರೆ. ಪ್ಲಾಟ್‌ಡೀಚ್‌ಗೆ ಪಳಗಿದ ಕಿವಿ ಅಲ್ಲಿ ಏನೂ ಕೆಲಸಕ್ಕೆ ಬರಲಿಲ್ಲ. ಎರಡೇ ತಿಂಗಳಲ್ಲಿ ಕೈಬಿಟ್ಟೆ.

ಕೊನೆಗೆ ಪರೀಕ್ಷೆ. ಮೆಕ್ಸಿಕೋದ ಚಿವಾವಾದಿಂದ ಮರಳಿ ಬಂದ ಅಜ್ಜಿಯೊಬ್ಬರ ಟೇಪು ಬರೆದಿದ್ದೆ. ಕನ್ನಡ ಹಾಳೆ ಹಿಡಿದು ಅವರ ಮಾತನ್ನು ಅವರಿಗೇ ಓದಿದೆ. ಕಲ್ಲಂಗಡಿ ಜೊತೆ ರೊಲ್‌ಕೂಕೆ ಅನ್ನುವ ಕರಿದ ಹಿಟ್ಟಿನ ತಿಂಡಿ ತಿನ್ನುವ ಕಥೆ. ಕಲ್ಲಂಗಡಿಗೆ ಅವರ ಮಾತಲ್ಲಿ ‘ಅರ್ಬೂಸ್’. ಉಕ್ರೇನಿನಲ್ಲಿ ಕಲಿತ ಈ ಪದವೂ ನಮ್ಮ ಕರಬೂಜವೂ ಒಂದೇ ಪಾರಸಿ ಬೇರಿನವು. ಅದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಎರಡು ಪುಟದಲ್ಲಿ ಅಜ್ಜಿ ತಿದ್ದಿದ್ದು ಎರಡೇ ಕಡೆ. ಎರಡೂ ನಾನು ಆ ಗುರುತು ಹಾಕಲು ಮರೆತ ಜಾಗಗಳು. ಆಮೇಲೆ, ಅವತ್ತು ಹೇಳದೆ ಬಿಟ್ಟದ್ದು ಇನ್ನೂ ಇದೆ ಅಂತ ಮಾತು ಶುರು ಮಾಡಿದರು. ರೆಕಾರ್ಡರ್ ಕಾರಿನಲ್ಲಿತ್ತು. ಓಡಿದೆ.